ಹೊರಗೆ ನಿಲ್ಲುವ ಶಿಕ್ಷೆ

ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ದೊಡ್ಡವರು ಯಾರಾದರೂ ಬಂದು ಕೂತರೆ ನನ್ನ ಕೈ ತಾನಾಗಿಯೇ ಸೆರಗಿನ ಪಿನ್ನು ಸರಿಮಾಡಲು ಹೋಗುತ್ತದೆ. ಭಿನ್ನರಾಶಿಗಳನ್ನು ಕಲಿಸಿ ಕಲಿಸಿ, ಅಂಶಕ್ಕಿಂತ ಛೇದವೇ ದೊಡ್ಡದಾದ ಆಕಾರಕ್ಕೆ ಬಂದು ನಿಂತಿರುವ ಗಣಿತದ ಮೇಡಂ ನಾನು. ಈ ವಯಸ್ಸಿನಲ್ಲಿ ಪರೀಕ್ಷಕರಿಗೆ ಹೆದರಬಾರದು ಎಂಬುದು ಬುದ್ಧಿಗೆ ಗೊತ್ತು, ಪಿನ್ನಿಗೆ ಗೊತ್ತಿಲ್ಲ. ಹೋದ ವರ್ಷ ಐಮಂಗಲದ ಹತ್ತಿರದ ನಮ್ಮ ಶಾಲೆಗೆ ದುರ್ಗದಿಂದ ಒಬ್ಬ ತರುಣಿ ಬಂದು ಹೀಗೆ ಹಿಂದೆ ಕೂತಾಗಲೂ ಅದೇ ಆಯಿತು. ಆಕೆ ವರ್ತನಾ ವಿಶ್ಲೇಷಕಿ ಎಂದರು. ಎಂಥ ಭಾರಿ ಬಿರುದು ನೋಡಿ! ನನ್ನ ವರ್ತನೆಯ ವಿಶ್ಲೇಷಣೆಯನ್ನು ನಮ್ಮ ಮನೆಯವರೇ ದಿನವೂ ಪುಕ್ಕಟೆಯಾಗಿ ಮಾಡುತ್ತಿರುವಾಗ ಇವರದೇನು ಎಂದುಕೊಂಡೆ.

ಆದರೆ ಆಕೆ ಬಂದಿದ್ದು ನನಗಾಗಿ ಅಲ್ಲ, ಐದನೇ ತರಗತಿಯ ಪಲ್ಲವಿಗಾಗಿ. ಪಲ್ಲವಿಯ ಅಪ್ಪ ಅಮ್ಮ ಕುರಿಗಾಹಿಗಳು. ಸುಗ್ಗಿ ಮುಗಿದ ಮೇಲೆ ಮಂದೆ ಹೊಡೆದುಕೊಂಡು ಭದ್ರಾ ನೀರಾವರಿಯ ಗದ್ದೆಗಳ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಹುಡುಗಿ ಊರಿನಲ್ಲಿ ಅಜ್ಜಿಯ ಜೊತೆ. ಗಣಿತದ ಪೀರಿಯಡ್ಡಿನಲ್ಲಿ ಇದ್ದಕ್ಕಿದ್ದಂತೆ ಅವಳು ನಾಲಗೆ ಹೊರಳಿಸಿ ಕುರಿ ಕರೆಯುವ ಸದ್ದು ಮಾಡುತ್ತಿದ್ದಳು. ಅದಕ್ಕೆ ಉತ್ತರವಾಗಿ ಇಡೀ ತರಗತಿ ಬ್ಯಾ ಎನ್ನುತ್ತಿತ್ತು. ನಾನು ಅವಳನ್ನು ಹೊರಗೆ ನಿಲ್ಲಿಸುತ್ತಿದ್ದೆ, ಅದೂ ಹೆಡ್ ಮಾಸ್ತರರ ಕಣ್ಣಿಗೆ ಬೀಳಲಿ ಎಂದು ಜಗಲಿಯ ಆ ತುದಿಯಲ್ಲಿ. ಮಾರನೆಯ ದಿನ ಮತ್ತೆ ಅದೇ ಸದ್ದು, ಅದೇ ಶಿಕ್ಷೆ. ಕೊನೆಗೆ ಹೆಡ್ ಮಾಸ್ತರರು ರೋಸಿಹೋಗಿ, ಅವಳೆದುರಿಗೇ, "ಹಿಂಗೇ ಆದ್ರೆ ಟಿ.ಸಿ. ಕೊಟ್ಟು ಕುರಿ ಹಿಂದೆನೇ ಕಳಿಸಿಬಿಡಾಣ" ಎಂದುಬಿಟ್ಟರು. ಅವಳ ಅವ್ವನಿಗೂ ಫೋನು ಹೋಯಿತು.

ವಿಶ್ಲೇಷಕಿ ಕೆಲವು ದಿನ ಸುಮ್ಮನೆ ಕೂತು ನೋಡಿದಳು. ಸದ್ದಿಗೆ ಮುಂಚೆ ಏನಾಗುತ್ತದೆ, ಸದ್ದಾದ ಮೇಲೆ ಮಗುವಿಗೆ ಏನು ಸಿಗುತ್ತದೆ, ಇವೆರಡೇ ಆಕೆಯ ಪ್ರಶ್ನೆ. ಏನು ಸಿಗುತ್ತದೆ? ಶಿಕ್ಷೆ ಸಿಗುತ್ತದೆ ಎಂದೆ, ಹೆಮ್ಮೆಯಿಂದಲೇ. ಆಕೆ ನನ್ನನ್ನು ಜಗಲಿಯ ಆ ತುದಿಗೆ ಕರೆದುಕೊಂಡು ಹೋಗಿ ನಿಲ್ಲಿಸಿದಳು. ಅಲ್ಲಿಂದ ಹೆದ್ದಾರಿಯ ಪಕ್ಕದ ಮಣ್ಣುದಾರಿ ಬಹುದೂರದವರೆಗೆ ಕಾಣುತ್ತಿತ್ತು. ಮಂದೆಗಳೆಲ್ಲ ಊರಿಗೆ ಮರಳುವುದು ಆ ದಾರಿಯಲ್ಲೇ. ನಾವು ಕೊಡುತ್ತಿದ್ದುದು ಶಿಕ್ಷೆಯಲ್ಲ, ಅವಳು ಬಯಸಿದ ಬಹುಮಾನ! ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ಹುಡುಗಿಯೂ ಅಷ್ಟೇ ಹೇಳಿದಳು: "ನಮ್ಮವ್ವ ಈ ದಾರೀಲೇ ಬರಾದು ಮಿಸ್."

ಹೊಸ ಏರ್ಪಾಡು ಬಲು ಸರಳ. ನೋಡಬೇಕೆನಿಸಿದಾಗ ಸದ್ದು ಮಾಡದೆ ಕೈ ಎತ್ತಿ ಕೇಳುವುದು, ಹೋಗಿ ನೋಡಿಕೊಂಡು ಬರುವುದು, ಬಂದು ಕೂತದ್ದಕ್ಕೆ ನನ್ನಿಂದ ಒಂದು ಶಭಾಷ್. ಮೊದಮೊದಲು ಅವಳು ಎದ್ದು ಹೋಗುವುದು, ಬರುವುದು ನೋಡಿದರೆ ಬಸ್ ನಿಲ್ದಾಣವೇ ವಾಸಿ ಎನಿಸುತ್ತಿತ್ತು. ಬರುಬರುತ್ತಾ ಕಡಿಮೆಯಾಯಿತು, ಲೆಕ್ಕಗಳು ಅವಳಿಗೆ ಹಿಡಿಸತೊಡಗಿದವು.

ಪ್ರತಿಫಲ ನಿಂತರೆ ವರ್ತನೆಯೂ ಕ್ರಮೇಣ ನಿಲ್ಲುತ್ತದೆ ಎಂದು ಆಕೆ ಒಂದು ದಿನ ಚಹಾ ಕುಡಿಯುತ್ತಾ ವಿವರಿಸಿದಳು. ನಾನು ಹೂಂಗುಟ್ಟಿದೆ, ಆದರೆ ಒಪ್ಪಲಾಗಲಿಲ್ಲ. ಆಕೆಗೆ ನನ್ನದೇ ಕಥೆ ಹೇಳಿದೆ. ನನ್ನ ತವರು ಹೊಸದುರ್ಗ. ಮದುವೆಯಾದ ಹೊಸದರಲ್ಲಿ ನಾನು ಊರಿಗೆ ಹೋದಾಗಲೆಲ್ಲ ಅಮ್ಮ ಬಸ್ ನಿಲ್ದಾಣದಲ್ಲಿ ಹೂವಿನವಳ ಪಕ್ಕ ನಿಂತಿರುತ್ತಿದ್ದಳು, ನನ್ನ ಚೀಲ ತಾನೇ ಹೊರುತ್ತೇನೆಂದು ಜಗಳ ತೆಗೆಯಲು. ಅಮ್ಮ ತೀರಿಕೊಂಡು ಬಹಳ ಕಾಲವಾಯಿತು. ಇವತ್ತಿಗೂ ಅಲ್ಲಿ ಬಸ್ಸಿಳಿದರೆ ನನ್ನ ಕಣ್ಣು ಮೊದಲು ಹೋಗುವುದು ಆ ಜಾಗಕ್ಕೇ. ಯಾವ ಪ್ರತಿಫಲವೂ ಇಲ್ಲ, ವರ್ತನೆ ಮಾತ್ರ ನಿಂತಿಲ್ಲ. ಇದಕ್ಕೇನು ಹೇಳುತ್ತದೆ ನಿಮ್ಮ ಶಾಸ್ತ್ರ ಎಂದು ಕೇಳಿದೆ. ಆಕೆ ಲೋಟ ಕೆಳಗಿಟ್ಟು, "ಇದು ನಮ್ಮ ಸಿಲಬಸ್ಸಲ್ಲಿ ಇರಲಿಲ್ಲ ಮೇಡಂ" ಎಂದು ನಕ್ಕಳು.

ಅದಾಗಿ ಕೆಲವು ವಾರಗಳ ಮೇಲೆ, ನಾನು ಬೋರ್ಡಿಗೆ ಲೆಕ್ಕ ಬರೆಯುತ್ತಿದ್ದಾಗ, ಬಾಗಿಲ ಮರೆಯಲ್ಲಿ ಒಬ್ಬಳು ಹೆಂಗಸು ನಿಂತಿದ್ದಳು. ಹೆಗಲ ಮೇಲೆ ಕಂಬಳಿ, ಕಾಲೆಲ್ಲ ಧೂಳು. ಪಲ್ಲವಿಯ ಅವ್ವ. ನಾನು ಹೊರಗೆ ಹೋದೆ.

"ಗಲಾಟೆ ಮಾಡ್ತಾಳೆ ಅಂತ ಫೋನ್ ಮಾಡಿದ್ರಲ್ಲ ಮೇಡಂ, ಮಂದೆ ಬಿಟ್ಟು ಬರಾಕೆ ಇಷ್ಟು ದಿನ ಆತು. ಕರ್ಕಂಡ್ ಹೋಗಾಣ ಅಂತ ಬಂದೆ" ಎಂದಳು. ಹಾಗೆನ್ನುತ್ತಲೇ ಕಿಟಕಿಯಿಂದ ಒಳಗೆ ನೋಡಿದಳು. ಪಲ್ಲವಿ ತಲೆ ತಗ್ಗಿಸಿ, ತುಟಿ ಕಚ್ಚಿಕೊಂಡು ಲೆಕ್ಕ ಮಾಡುತ್ತಿದ್ದಳು. ಅವ್ವ ಬಹಳ ಹೊತ್ತು ನೋಡಿದಳು. "ಸುಮ್ಕೆ ಕುಂತವಳಲ್ಲ ಮೇಡಂ! ಹಂಗಾರೆ ಬ್ಯಾಡ ಬಿಡ್ರಿ, ಕರೀಬ್ಯಾಡ್ರಿ. ನನ್ನ ನೋಡಿದ್ರೆ ಬೆನ್ನು ಹತ್ತುತಾಳೆ. ಹಿಂಗೇ ನೋಡ್ಕಂಡ್ ಹೋಗ್ತೀನಿ" ಎಂದು ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡಳು.

ಅವಳ ಮಾತು ನ್ಯಾಯವಾದದ್ದೇ. ಮಗು ಶಾಲೆಯಲ್ಲಿ ಉಳಿಯಬೇಕಾದರೆ ಸುಮ್ಮನಿರುವುದೇ ಜಾಣತನ, ಏರ್ಪಾಡು ಕೆಡುವ ಭಯ ನನಗೂ ಇತ್ತು. ಆದರೆ ಅವಳು ಜಗಲಿ ಇಳಿಯಲು ತಿರುಗಿದ್ದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ. ಬಾಗಿಲಲ್ಲಿ ನಿಂತು, "ಪಲ್ಲವಿ, ಹೊರಗೆ ಬಾ" ಎಂದೆ. ಹಳೆಯ ಅಭ್ಯಾಸಕ್ಕೋ ಏನೋ, ದನಿ ಗಡುಸಾಗಿಯೇ ಬಂತು.

ಹುಡುಗಿ ಎದ್ದು ನಿಂತಳು, ಬರಲಿಲ್ಲ. ಬೆಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಕಣ್ಣು ತುಂಬಿತ್ತು.

"ನಾನೇನೂ ಮಾಡ್ಲಿಲ್ಲ ಮಿಸ್. ಲೆಕ್ಕ ಮಾಡ್ತಿದೀನಿ. ಕಳಿಸ್ಬ್ಯಾಡ್ರಿ."

"ಇಲ್ಲವ್ವ" ಎಂದೆ. "ನಿಮ್ಮವ್ವ ಬಂದವಳೆ."