ಕೆಂಪು ಜಾಕೆಟ್ಟಿನ ಕಿಸೆ

ಕಳೆದ ತಿಂಗಳು ಸಂಬಂಧಿಕರ ಮನೆಯ ಸೀಮಂತಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಅಡುಗೆಯವರು ದೊಡ್ಡ ಬಾಣಲೆಯಲ್ಲಿ ಗಸಗಸೆ ಹುರಿಯುತ್ತಿದ್ದರು, ಪಾಯಸಕ್ಕೆ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಎರಡೂ ಕೈ ತಣ್ಣಗಾದವು. ಪಕ್ಕದಲ್ಲಿ ಕೂತಿದ್ದವರು ನೀರು ಬೇಕಾ ಎಂದು ಕೇಳಿದರು. ಸೆಖೆ ಎಂದು ಹೇಳಿ ಎದ್ದು ಅಂಗಳಕ್ಕೆ ಬಂದೆ. ಗಸಗಸೆಯ ವಾಸನೆಗೆ ಹೆದರುವವರು ಈ ಊರಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ...

ನನಗೆ ಹಿಂದೆ ಪಕ್ಕದ ಮನೆಯಲ್ಲಿದ್ದ, ಗೋಡೆಯಾಚೆಯ ಅಕ್ಕ ನೆನಪಾಗಿದ್ದರು. ಎಲ್ಲ ಸರಿಯಿದ್ದ ಕೊನೆಯ ದಿನ ನೆನಪಾಗಿತ್ತು. ಆ ದಿನ ನಾವು ಯುರೋಪಿನ ಪ್ರಾಗ್ ಎಂಬ ಊರಿನಲ್ಲಿದ್ದೆವು. ಕಲ್ಲು ಹಾಸಿದ ಬೀದಿಯ ಒಂದು ಬೇಕರಿಯ ಎದುರು ಅಕ್ಕ ನಿಂತು, ಕೈಯಲ್ಲಿ ಅರ್ಧ ತಿಂದ ಬನ್ ಹಿಡಿದುಕೊಂಡು, ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಬನ್ನಿನ ನಡುವೆ ಕಪ್ಪನೆಯ ಹೂರಣ.

"ತಂಗಿ, ಇದು ಗಸಗಸಿ," ಅಂದರು. "ಬಣ್ಣ ಕರೀದು, ಆದ್ರ ವಾಸನಿ ನಮ್ಮವ್ವ ಮಾಡೋ ಪಾಯಸದ್ದ."

೨೦೧೪ರ ಸುಮಾರಿನ ಮಾತು. ನಾವಿದ್ದದ್ದು ಅಬುಧಾಬಿಯ ಬನಿಯಾಸ್‌ನಲ್ಲಿ. ಒಂದು ದೊಡ್ಡ ವಿಲ್ಲಾವನ್ನು ನಾಲ್ಕು ಭಾಗ ಮಾಡಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ನಮ್ಮ ಅಡುಗೆಮನೆಗೂ ಅಕ್ಕನ ಅಡುಗೆಮನೆಗೂ ನಡುವೆ ಇದ್ದದ್ದು ಆಮೇಲೆ ಎಬ್ಬಿಸಿದ ತೆಳ್ಳಗಿನ ಗೋಡೆ. ಚಹಾ ಆದರೆ ಅಕ್ಕ ಸೌಟಿನಿಂದ ಆ ಗೋಡೆಗೆ ಎರಡು ಸಲ ಬಡಿಯುತ್ತಿದ್ದರು. ನಾನು ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ಅವರು ಗದಗಿನವರು, ನಾನು ಉಡುಪಿಯ ಕಡೆಯವಳು. ನಾನು ಬಾಯಿ ಬಿಟ್ಟರೆ ಸಾಕು, "ಬಂತು ನೋಡ್ರಿ, ಉಂಟು ಮಾರಾಯ್ರೆ" ಎಂದು ನಗುತ್ತಿದ್ದರು. ಅವರ ಯಜಮಾನರನ್ನು ನಾನು ಭಾವ ಎನ್ನುತ್ತಿದ್ದೆ. ಅವರಿಗೆ ದೂರದ ರುವೈಸ್‌ನಲ್ಲಿ ಕೆಲಸ, ಗುರುವಾರ ಸಂಜೆ ಬಂದು ಶನಿವಾರ ಹೋಗುತ್ತಿದ್ದರು. ಮಕ್ಕಳಿಬ್ಬರು ಬೆಳಗಾವಿಯಲ್ಲಿ ಓದುತ್ತಿದ್ದರು. ವಾರವೆಲ್ಲ ಅಕ್ಕನಿಗೆ ನಾನು, ನನಗೆ ಅಕ್ಕ.

ಅಕ್ಕ ಹದಿಮೂರು ವರ್ಷ ಅಲ್ಲಿದ್ದವರು. ಬಂದು ಎರಡೇ ವರ್ಷವಾಗಿದ್ದ ನನಗೆ ಅವರ ಜಾಗ್ರತೆ ಅತಿ ಅನ್ನಿಸುತ್ತಿತ್ತು. ಸರಕಾರಿ ಕಟ್ಟಡದ ಫೋಟೋ ತೆಗೀಬ್ಯಾಡ, ರಸ್ತೆ ಅಡ್ಡ ದಾಟಬ್ಯಾಡ, ಯಾರೋ ಕೊಟ್ಟ ಗಂಟು ಊರಿಗೆ ಒಯ್ಯಬ್ಯಾಡ. ದಿನಕ್ಕೆ ಹತ್ತು ಬ್ಯಾಡ. ಬಕ್ರೀದ್ ರಜೆಗೆ ಎರಡೂ ಸಂಸಾರ ಸೇರಿ ಯುರೋಪು ನೋಡಿ ಬರುವುದೆಂದು ನಿಶ್ಚಯವಾದಾಗ ಅವರು ಮೊದಲು ಮಾಡಿದ ಕೆಲಸ ದಪ್ಪ ಬಟ್ಟೆಯ ಒಂದು ಚೀಲ ಹೊಲಿದದ್ದು. ಐದು ಜನರ ಪಾಸ್‌ಪೋರ್ಟ್ ಅದರೊಳಗೆ ಹಾಕಿ ಸೀರೆಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡರು. ಪ್ರಾಗ್‌ನಲ್ಲಿದ್ದ ಆರು ದಿನವೂ ಅದನ್ನು ಬಿಚ್ಚಲಿಲ್ಲ. ಒಂದು ದಿನ ಟ್ರಾಮಿನಲ್ಲಿ ಟಿಕೆಟಿಗೆ ಯಂತ್ರದ ಮುದ್ರೆ ಹಾಕಿಸಲು ಮರೆತು ಸಿಕ್ಕಿಬಿದ್ದೆವು. ತಪಾಸಣೆಯ ಹೆಂಗಸು ಏನೋ ಗದರುತ್ತಿದ್ದರೆ ಅಕ್ಕ ಎರಡೂ ಕೈಯಿಂದ ಸೊಂಟ ಹಿಡಿದುಕೊಂಡು ನಿಂತಿದ್ದರು. ಆಮೇಲೆ ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಅವರ ಅವ್ವನಿಗೆ ಹುಷಾರಿರಲಿಲ್ಲ. ಪ್ರಾಗ್‌ನಿಂದ ಹಿಂತಿರುಗಿದ ನಾಲ್ಕನೆಯ ದಿನಕ್ಕೆ ಗದಗಿಗೆ ಹೋಗಲು ಟಿಕೆಟ್ ಆಗಿತ್ತು.

ಬೇಕರಿಯ ಪಕ್ಕದಲ್ಲೇ ಒಂದು ಅಂಗಡಿ. ಅಲ್ಲಿ ಗಸಗಸೆಯನ್ನು ಸಾಸಿವೆಯ ಹಾಗೆ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಸಾಲಾಗಿ ಇಟ್ಟಿದ್ದರು. ಅಕ್ಕ ಒಂದನ್ನು ಎತ್ತಿ, ಮೂಸಿ, ಅಲ್ಲೇ ಇಟ್ಟರು. ತೆಗೆದುಕೊಳ್ಳಿ ಅಕ್ಕ ಎಂದೆ. ಬ್ಯಾಡವಾ, ನಾವಿರೋ ಕಡೆ ಅದು ನಡೆಯಂಗಿಲ್ಲ ಎಂದು ಮುಂದೆ ಹೋದರು. ಹತ್ತು ಬ್ಯಾಡಗಳಲ್ಲಿ ಇನ್ನೊಂದು ಎಂದುಕೊಂಡೆ. ಹದಿಮೂರು ವರ್ಷದಿಂದ ಆ ಪಾಯಸ ಮಾಡದವರನ್ನು ಬನಿಯಾಸ್‌ಗೆ ಹೋದ ಮೇಲೆ ಗೋಡೆ ಬಡಿದು ಕರೆದು, ಪೊಟ್ಟಣ ಕೈಗಿಟ್ಟು, ಮುಖ ನೋಡಬೇಕು ಅನ್ನಿಸಿತು. ಅವರು ಆಚೆ ತಿರುಗಿದ್ದಾಗ ಕೊಂಡೆ. ಹೋಟೆಲಿಗೆ ಬಂದು ಮಗಳ ಕೆಂಪು ಜಾಕೆಟ್ಟಿನ ಕಿಸೆಯಲ್ಲಿಟ್ಟು ಜಿಪ್ ಎಳೆದೆ. ಮರಳುಗಾಡಿಗೆ ಮರಳುವವರಿಗೆ ಜಾಕೆಟ್ ಯಾಕೆ ಎಂದು ಅದನ್ನು ನನ್ನ ಸೂಟ್‌ಕೇಸಿಗೆ ಹಾಕಿದೆ. ಗಂಡನಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ನನ್ನ ಸೂಟ್‌ಕೇಸು ಎರಡು ಕಿಲೋ ಹೆಚ್ಚು ತೂಗಿತು. ಗಲ್ಫಿನಲ್ಲಿರುವ ನಮ್ಮವರಿಗೆ ಇದೇನು ಹೊಸದಲ್ಲ. ಸಾಲಿನಿಂದ ಸರಿದು, ನೆಲದಲ್ಲಿ ಕೂತು, ಪೆಟ್ಟಿಗೆಗಳನ್ನು ಬಾಯಿ ತೆರೆದಿಟ್ಟು, ಇದರದ್ದು ಅದಕ್ಕೆ ಅದರದ್ದು ಇದಕ್ಕೆ ಹಾಕಿ ತೂಕ ಸರಿ ಮಾಡುವುದು. ಅಕ್ಕ ಅದರಲ್ಲಿ ಪಳಗಿದವರು. ನನ್ನ ಸೂಟ್‌ಕೇಸಿನಿಂದ ಮಗಳ ಬೂಟು, ಒಂದು ಟವೆಲು, ಆ ಜಾಕೆಟ್ಟು ತೆಗೆದು ತಮ್ಮದಕ್ಕೆ ತುರುಕಿದರು. ನಾನು ನೋಡುತ್ತಿದ್ದೆ. ಒಳಗೊಳಗೇ ಖುಷಿಯಾಯಿತು. ತಮಗೆ ಬರುವ ಉಡುಗೊರೆಯನ್ನು ತಾವೇ ಹೊರುತ್ತಿದ್ದಾರಲ್ಲ ಎಂದು.

ವಿಮಾನ ಏರಿದ ಮೇಲೆ ಅಕ್ಕ ಒದ್ದೆ ಕಾಗದ ತೆಗೆದು ನನ್ನ ಮಗಳ ಫ್ರಾಕ್ ಒರೆಸತೊಡಗಿದರು. ಕಾಯುತ್ತ ಕೂತಾಗ ಅವಳು ಉಳಿದಿದ್ದ ಬನ್ ತಿಂದಿದ್ದಳು, ಎದೆಯ ಮೇಲೆ ನಾಲ್ಕೈದು ಕಪ್ಪು ಕಾಳು ಅಂಟಿದ್ದವು. ಅಕ್ಕ ಒಂದೊಂದನ್ನೇ ಹೆಕ್ಕಿ ಕಾಗದದಲ್ಲಿ ಮಡಿಸುತ್ತಿದ್ದರು. ನಾನು ನಕ್ಕೆ.

"ನಗಬ್ಯಾಡ ತಂಗಿ," ಅಂದರು, ದನಿ ತಗ್ಗಿಸಿ. "ಅಲ್ಲಿ ಇದನ್ನ ಮಾದಕ ಅಂತಾರ. ಅಫೀಮಿನ ಗಿಡದ ಕಾಳಲ್ಲೇನು ಇದು? ರುವೈಸ್‌ನ್ಯಾಗ ನಿಮ್ಮ ಭಾವನ ಜೋಡಿ ಇದ್ದಾಂವ ಒಬ್ಬ ಊರಿಂದ ಮಸಾಲಿ ಜೋಡಿ ತಂದು ಹದಿನೈದು ದಿವಸ ಒಳಗಿದ್ದ."

ಮಗಳು ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ಅಕ್ಕನೂ ಕಣ್ಣು ಮುಚ್ಚಿದರು. ಸೂಟ್‌ಕೇಸುಗಳು ನಮ್ಮ ಕಾಲ ಕೆಳಗೆ ಎಲ್ಲೋ ವಿಮಾನದ ಹೊಟ್ಟೆಯಲ್ಲಿದ್ದವು. ಐದೂವರೆ ಗಂಟೆಯ ಪ್ರಯಾಣ. ಎಬ್ಬಿಸಿ ಹೇಳಬೇಕೆಂದು ಎಷ್ಟು ಸಲ ಅವರ ಕೈ ಮುಟ್ಟಲು ಹೋದೆನೋ ಲೆಕ್ಕವಿಲ್ಲ. ಹೇಳಿದರೆ ಇಲ್ಲಿಂದ ಏನು ಮಾಡಲು ಸಾಧ್ಯ, ಸುಮ್ಮನೆ ಅವರನ್ನೂ ಹೆದರಿಸುವುದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಹೇಳಿದರೆ ಅದು ನನ್ನದಾಗುತ್ತಿತ್ತು. ಹೇಳದಿದ್ದರೆ ಅದು ಕೆಳಗೆ, ಕತ್ತಲೆಯಲ್ಲಿ, ಯಾರದ್ದೂ ಅಲ್ಲದೆ ಇರುತ್ತಿತ್ತು.

ದುಬೈಯಲ್ಲಿ ಇಳಿದಾಗ ಸಂಜೆ. ಹೊರಗೆ ಹೋಗುವ ಮೊದಲು ಪೆಟ್ಟಿಗೆಗಳನ್ನು ಇನ್ನೊಮ್ಮೆ ಯಂತ್ರದೊಳಗೆ ದಾಟಿಸಬೇಕಿತ್ತು. ನಮ್ಮದು ಬಂತು. ಭಾವನದ್ದು ಬಂತು. ಅಕ್ಕನದ್ದು ಒಳಗೇ ನಿಂತಿತು. ಯಂತ್ರದ ಪಟ್ಟಿ ಹಿಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಬಂತು. ಕೂತಿದ್ದವರು ಇನ್ನೊಬ್ಬರನ್ನು ಕರೆದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಯಾರ ಬ್ಯಾಗು ಎಂದು ಕೇಳಿದರು. ಅಕ್ಕ ಕೈ ಎತ್ತಿದರು, ಶಾಲೆಯ ಹುಡುಗಿಯ ಹಾಗೆ. ಕರಿಯ ಅಬಾಯಾ ತೊಟ್ಟ ಅಧಿಕಾರಿಣಿಯೊಬ್ಬರು ಬಂದು ಅವರನ್ನು ಬದಿಯ ಕೋಣೆಗೆ ಕರೆದುಕೊಂಡು ಹೋದರು. ಚಟ್ನಿಪುಡಿ ಇರಬೇಕು ಎಂದರು ಭಾವ. ಬಾಗಿಲು ಹತ್ತು ಹೆಜ್ಜೆ ದೂರದಲ್ಲಿತ್ತು. ಅದು ಮರದ ಬಾಗಿಲು, ಹಿಡಿಕೆ ಉಕ್ಕಿನದ್ದು... ಅದನ್ನು ನಾನು ಈಗಲೂ ಚಿತ್ರ ಬರೆದು ತೋರಿಸಬಲ್ಲೆ. ಮಗಳ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು ಅಮ್ಮಾ ನೋವು ಎಂದು ಅತ್ತಳು.

ಒಂದು ಗಂಟೆಯ ಮೇಲಾಯಿತು. ಭಾವನನ್ನೂ ಒಳಗೆ ಕರೆದರು. ಇಬ್ಬರೂ ಹೊರಗೆ ಬಂದಾಗ ಸೊಂಟದ ಚೀಲ ಅಕ್ಕನ ಕೈಯಲ್ಲಿತ್ತು. ನಮ್ಮ ಮೂವರದ್ದು ಮತ್ತು ಭಾವನದ್ದು ಸೇರಿ ನಾಲ್ಕು ಪಾಸ್‌ಪೋರ್ಟ್ ಅದರಲ್ಲಿತ್ತು. ಅಕ್ಕನದ್ದನ್ನು ಅಧಿಕಾರಿಗಳು ಇಟ್ಟುಕೊಂಡಿದ್ದರು. ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು, ತನಿಖೆ ಮುಗಿಯುವವರೆಗೆ ದೇಶ ಬಿಡಬಾರದು, ಕರೆದಾಗ ಬರಬೇಕು ಎಂದಿದ್ದರು. ಅಕ್ಕ ಇನ್ನೊಂದು ಕೈಯಲ್ಲಿ ಕೆಂಪು ಜಾಕೆಟ್ಟು ಹಿಡಿದಿದ್ದರು. ಅಚ್ಚುಕಟ್ಟಾಗಿ ಮಡಿಸಿದ್ದರು. ಅದನ್ನು ನನ್ನ ಕೈಗಿಟ್ಟು, "ಕಿಸೆ ಖಾಲಿ ಐತಿ ನೋಡು, ತಂಗಿ," ಅಂದರು. ಅಷ್ಟೇ. ಒಳಗೆ ಅವರು ಏನು ಹೇಳಿದ್ದರೆಂಬುದು ಕಾರಿನಲ್ಲಿ ಭಾವ ಬೈಯುವಾಗ ಗೊತ್ತಾಯಿತು. ಅದು ತನ್ನದು, ಪಾಯಸದ ಆಸೆಗೆ ತಂದೆ, ತಪ್ಪಾಯಿತು ಎಂದಿದ್ದರಂತೆ. ಅಬುಧಾಬಿಯವರೆಗೆ ಭಾವ ಬೈಯುತ್ತಲೇ ಇದ್ದರು. ಅಕ್ಕ ಕಿಟಕಿಯಾಚೆ ನೋಡುತ್ತಿದ್ದರು. ನನ್ನ ಗಂಡ, ಹೋಗಲಿ ಬಿಡಿ ಭಾವ ಎಂದು ಸಮಾಧಾನ ಮಾಡುತ್ತಿದ್ದರು. ಅವರಿಗೆ ಏನೂ ಗೊತ್ತಿರಲಿಲ್ಲ.

ಮೂರನೆಯ ದಿನ ಗಂಡನಿಗೆ ಹೇಳಿದೆ. ಅವರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು.

"ಎಂತ ಮಾಡಿ ಹಾಕಿದ್ದಿ ನೀನು... ಯಾರತ್ರವೂ ಬಾಯಿ ಬಿಡ್ಬೇಡ. ನಿನ್ನನ್ನು ಒಳಗೆ ಹಾಕಿದ್ರೆ ಈ ಮಗುವನ್ನು ನಾನು ಎಂತ ಮಾಡ್ಲಿ?"

ಆ ದಿನಗಳು ಹೇಗೆ ಕಳೆದವೋ. ಕರೆಗಂಟೆ ಆದರೆ ಸ್ಟೌ ಆರಿಸಿ ನಿಲ್ಲುತ್ತಿದ್ದೆ. ಗೊತ್ತಿಲ್ಲದ ನಂಬರಿನ ಫೋನು ಎತ್ತುತ್ತಿರಲಿಲ್ಲ. ಪೊಟ್ಟಣದ ಮೇಲೆ ನನ್ನ ಬೆರಳಿನ ಗುರುತು ಇರುತ್ತದಲ್ಲವೇ ಎಂದು ಪಾತ್ರೆ ತೊಳೆಯುವಾಗ ಬೆರಳು ನೋಡಿಕೊಳ್ಳುತ್ತಿದ್ದೆ. ಅಕ್ಕನನ್ನು ಎರಡು ಸಲ ದುಬೈಗೆ ಕರೆಸಿ ಅದೇ ಪ್ರಶ್ನೆ ಕೇಳಿದರು. ಎರಡು ಸಲವೂ ಅವರು ಅದೇ ಉತ್ತರ ಕೊಟ್ಟರು. ಗದಗಿನ ಟಿಕೆಟ್ಟಿನ ದಿನ ಬಂತು, ಹೋಯಿತು. ನಾನು ತಡೆಯಲಾರದೆ ಅವರ ಅಡುಗೆಮನೆಗೆ ಹೋಗಿ, ಅಕ್ಕ ನಾನು ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿನ್ನ ಕೂಸಿಗೆ ನಾಲ್ಕು ವರ್ಷ. ನನ್ನ ಮಕ್ಕಳು ಮೀಸಿ ಬಂದವರು," ಅಂದರು. "ಇಬ್ಬರು ಯಾಕ ಒಳಗ ಹೋಗೂದು? ಸುಮ್ನಿರು."

ನಾನು ಸುಮ್ಮನಿದ್ದೆ. ಅದೊಂದನ್ನು ಚೆನ್ನಾಗಿ ಮಾಡಿದೆ.

ಐದನೆಯ ವಾರ ಅವರ ಅವ್ವ ತೀರಿಕೊಂಡರು. ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ಅಕ್ಕನ ಅಣ್ಣಂದಿರು ಫೋನಿನಲ್ಲಿ ತೋರಿಸಿದರು. ಅಕ್ಕ ಅಡುಗೆಮನೆಯ ನೆಲದಲ್ಲಿ ಕೂತು, ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು ಅವ್ವನನ್ನು ಮಣ್ಣು ಮಾಡುವುದನ್ನು ನೋಡಿದರು. ನಡುನಡುವೆ ಚಿತ್ರ ನಿಂತುಹೋಗುತ್ತಿತ್ತು. ನಾನು ಪಕ್ಕದಲ್ಲಿ ಕೂತಿದ್ದೆ. ದೊಡ್ಡಣ್ಣನ ದನಿ ಕೇಳುತ್ತಿತ್ತು, ವಿದೇಶ ಸುತ್ತಲಿಕ್ಕೆ ಹೋಗಿ ಕಳ್ಳಮಾಲು ತಂದವಳು ಬರುವುದು ಹೇಗೆ ಎಂದು ಯಾರಿಗೋ ಹೇಳುತ್ತಿದ್ದರು. ಅಕ್ಕನಿಗೂ ಕೇಳಿಸಿತು. ಈಗಾದರೂ ಹೇಳುತ್ತೇನೆ ಅಕ್ಕ ಎಂದೆ.

"ಈಗ ಹೇಳಿ ಏನ್ ಮಾಡ್ತಿ?" ಅಂದರು, ಫೋನಿನಿಂದ ಕಣ್ಣು ತೆಗೆಯದೆ. "ಅವ್ವ ಎದ್ದು ಬರ್ತಾಳೇನು?"

ಎರಡು ತಿಂಗಳು ತುಂಬುವ ಹೊತ್ತಿಗೆ ಪಾಸ್‌ಪೋರ್ಟ್ ಕೊಟ್ಟರು. ಎಚ್ಚರಿಕೆ ಹೇಳಿ, ಇನ್ನೊಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಖಲಾಸ್ ಎಂದರಂತೆ. ಅಕ್ಕ ನನ್ನ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ. ಎದುರು ಸಿಕ್ಕಿದರೆ ಮಗಳ ಕೆನ್ನೆ ಸವರುತ್ತಿದ್ದರು. ಆದರೆ ಗೋಡೆಗೆ ಸೌಟು ಬಡಿಯುವುದು ನಿಂತುಹೋಯಿತು. ಸಂಜೆ ನಾಲ್ಕಕ್ಕೆ ನಾನು ಗೋಡೆಯ ಹತ್ತಿರ ನಿಂತಿರುತ್ತಿದ್ದೆ. ಆಚೆ ಲೋಟ ಇಡುವ ಸದ್ದು ಕೇಳುತ್ತಿತ್ತು, ಒಂದೇ ಲೋಟ... ಮರುವರ್ಷ ಭಾವ ರುವೈಸ್‌ನಲ್ಲೇ ಮನೆ ಮಾಡಿ ಅವರನ್ನು ಕರೆದುಕೊಂಡು ಹೋದರು. ಮತ್ತೆ ಕೆಲವು ವರ್ಷಕ್ಕೆ ಅವರು ಗದಗಿಗೂ ನಾವು ಉಡುಪಿಗೂ ಮರಳಿದೆವು.

ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ಹೊಟ್ಟೆಯ ಕಾಯಿಲೆ. ಸುದ್ದಿ ತಿಳಿದಾಗ ತಡವಾಗಿತ್ತು. ಹನ್ನೊಂದನೆಯ ದಿನ ನಾನೊಬ್ಬಳೇ ಬಸ್ಸು ಹತ್ತಿ ಗದಗಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಪಡಸಾಲೆಯಲ್ಲಿ ಭಾವ, ಅಣ್ಣಂದಿರು, ಅಕ್ಕನ ಮಕ್ಕಳು ಎಲ್ಲ ಕೂತಿದ್ದರು. ನನ್ನನ್ನು ನೋಡಿ ಭಾವ ಅತ್ತರು. ಆಮೇಲೆ ಬಂದವರಿಗೆ ನನ್ನನ್ನು ತೋರಿಸಿ, ಬನಿಯಾಸ್‌ನ ಪಕ್ಕದ ಮನೆಯವರು, ಅಷ್ಟು ದೂರದಿಂದ ಬಂದಾರ ಎಂದರು.

"ಇವರಿಗೆ ಎಲ್ಲಾ ಗೊತ್ತೈತಿ," ಅಂದರು. "ಒಂದು ಮುಷ್ಟಿ ಗಸಗಸಿ ಆಸೆಗೆ ಹೆತ್ತವ್ವನ ಮುಖ ನೋಡಲಿಲ್ಲ ನಮ್ಮಾಕಿ. ಹುಚ್ಚಿ."

ಅಣ್ಣ ತಲೆ ತಗ್ಗಿಸಿ, ನಾವೂ ಎರಡು ವರ್ಷ ಮಾತು ಬಿಟ್ಟಿದ್ದೆವು ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಚಹಾದ ಲೋಟ ನನ್ನ ಕೈಯಲ್ಲಿತ್ತು. ಇಲ್ಲಿ ಯಾವ ಯಂತ್ರವೂ ಇರಲಿಲ್ಲ, ಬದಿಯ ಕೋಣೆ ಇರಲಿಲ್ಲ, ಯಾರೂ ನನ್ನ ಪಾಸ್‌ಪೋರ್ಟ್ ಕಸಿಯುವವರಿರಲಿಲ್ಲ. ಆದರೂ ಅದೇ ಹೆದರಿಕೆ, ಅದೇ ಜಾಗದಲ್ಲಿ. ಅಕ್ಕ ಬಹಳ ಒಳ್ಳೆಯವರು ಎಂದೆ. ಚಹಾ ಕುಡಿದು ಸಂಜೆಯ ಬಸ್ಸಿಗೆ ಬಂದುಬಿಟ್ಟೆ.

ಸೀಮಂತದ ದಿನ ಪಾಯಸ ಬಡಿಸಿದರು. ನಾನು ಬೇಡ ಎಂದೆ. ಮನೆಗೆ ಬಂದು ಕಪಾಟು ತೆಗೆದೆ. ಕೆಂಪು ಜಾಕೆಟ್ಟು ಅಲ್ಲೇ ಇದೆ, ಅಕ್ಕ ಮಡಿಸಿಕೊಟ್ಟ ಹಾಗೆಯೇ. ಮಗಳು ಈಗ ನನ್ನ ಎತ್ತರಕ್ಕೆ ಬಂದಿದ್ದಾಳೆ, ಇದನ್ನೆಲ್ಲ ಯಾಕಮ್ಮಾ ಇಟ್ಟುಕೊಳ್ತಿ ಎನ್ನುತ್ತಾಳೆ. ಭಾವನ ನಂಬರು ನನ್ನ ಫೋನಿನಲ್ಲಿದೆ. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಡಿದಿದ್ದೇನೆ.

ಅಕ್ಕ ಇಲ್ಲ. ಆ ಪೊಟ್ಟಣ ನನ್ನದು ಎಂಬುದು ಗದಗಿನ ಆ ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ.