ಬದನೆ ಬಣ್ಣದ ಮನೆಯ ದಾರಿ ಕೋಣೆ

ಗೋಡೆಗೆ ಹೊಸದಾಗಿ ಬಳಿದ ಪ್ರೈಮರಿನ ವಾಸನೆ ಬಂದರೆ ಈಗಲೂ ನಾನು ಕಿಟಕಿ ಮುಚ್ಚಲು ಏಳುತ್ತೇನೆ. ಹೋದ ವಾರ ಎದುರುಮನೆಯವರು ಹಬ್ಬಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುತ್ತಿದ್ದರು. ಕಿಟಕಿ ಮುಚ್ಚಿದರೂ ಆ ಹಸಿ ವಾಸನೆ ಅಡುಗೆಮನೆಗೆ ಬಂತು. ಒಲೆಯ ಮುಂದೆ ನಿಂತಿದ್ದವಳಿಗೆ ಗೋವಿಂದರಾಜನಗರದ ನಮ್ಮ ಮನೆ ಕಣ್ಣಿಗೆ ಕಟ್ಟಿತು. ಮಾರುವುದಕ್ಕೆಂದು ಅದಕ್ಕೆ ಕೊನೆಯಲ್ಲಿ ಹೊಡೆಸಿದ ಕ್ರೀಮು ಬಣ್ಣ ಕಾಣಲಿಲ್ಲ. ಅದರ ಕೆಳಗಿದ್ದ ಬಣ್ಣವೇ ಕಂಡಿತು. ಹುಟ್ಟಿ ಬೆಳೆದ ಮನೆಯನ್ನು ಮಾರಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಬೀದಿಯಲ್ಲಿ ಅದಕ್ಕೆ ಬದನೆಕಾಯಿ ಮನೆ ಎಂದು ಹೆಸರು. ಒಂದು ತಪ್ಪಿನಿಂದ ಬಂದ ಹೆಸರದು. ಅಮ್ಮನ ಹತ್ತಿರ ಒಂದು ತಿಳಿನೇರಳೆ ಸೀರೆಯಿತ್ತು, ಬದನೆ ಗಿಡದ ಹೂವಿನ ಬಣ್ಣದ್ದು. ಮನೆಯೊಳಗೆ ನಾವು ಅದನ್ನು ಬದನೆ ಬಣ್ಣ ಎಂದಷ್ಟೇ ಹೇಳುತ್ತಿದ್ದೆವು. ಹೊರಗೋಡೆಗೂ ಅದೇ ಇರಲಿ ಎಂಬುದು ಅಮ್ಮನ ಆಸೆ. ತಮ್ಮ ಮಂಜುವಿನ ಹೆರಿಗೆಗೆ ಅವರು ತವರಿಗೆ ಹೋಗಿದ್ದ ದಿನಗಳಲ್ಲಿ ಅಪ್ಪ ಆ ಕೆಲಸ ಮಾಡಿಸಿದರು. ಮೊದಲ ಪಾಳಿಗೆ ಕಾರ್ಖಾನೆಗೆ ಹೊರಡುವ ಅವಸರದಲ್ಲಿ ಪೇಂಟರ್ ಮುನಿರಾಜುವಿಗೆ, "ಬದನೆ ಬಣ್ಣ ಹೊಡಿಯಪ್ಪಾ" ಎಂದು ಹೇಳಿ ಸೈಕಲ್ ಹತ್ತಿದರು. ಮಧ್ಯಾಹ್ನ ಮೂರೂವರೆಗೆ ವಾಪಸು ಬಂದಾಗ ಮನೆಯ ಮುಂಭಾಗವೆಲ್ಲ ಗುಂಡು ಬದನೆಕಾಯಿಯ ಹಾಗೆ ಕಡುನೇರಳೆಯಾಗಿ ಹೊಳೆಯುತ್ತಿತ್ತು. "ಹೂವಿನ ಬಣ್ಣ ಕಣಯ್ಯಾ!" ಎಂದು ಅಪ್ಪ ಬೀದಿಯಲ್ಲೇ ಕೂಗಿದರು. ಮುನಿರಾಜು ಏಣಿಯಿಂದ ಇಳಿಯಲೂ ಇಲ್ಲ. "ಬದನೆ ಅಂದ್ರೆ ಕಾಯಿನೇ ಅಲ್ವಾ ಸಾರ್? ಹೂವನ್ನ ಯಾರು ಹುಳಿಗೆ ಹಾಕ್ತಾರೆ?" ಎಂದ. ಮತ್ತೆ ಹೊಡೆಸುವ ಅನುಕೂಲವಿರಲಿಲ್ಲ. ಆಮೇಲೆ ಅನುಕೂಲವಾದಾಗ ಬಣ್ಣ ರೂಢಿಯಾಗಿತ್ತು. ಅಂಚೆಯವನೂ ಹಾಲಿನವನೂ ಅದನ್ನೇ ಗುರುತು ಇಟ್ಟುಕೊಂಡಿದ್ದರು. ಹಾಗಾಗಿ ಪ್ರತಿ ಸಲವೂ ಬದನೆಕಾಯಿಯ ಮೇಲೆ ಬದನೆಕಾಯಿಯೇ ಬಂತು.

ಮನೆ ಉದ್ದಕ್ಕಿತ್ತು. ರಸ್ತೆಯ ಕಡೆ ಹಾಲ್, ಅದರ ಮಗ್ಗುಲಿಗೆ ಅಪ್ಪ ಅಮ್ಮನ ಕೋಣೆ. ಹಾಲ್ ದಾಟಿದರೆ ನಡುವೆ ಇನ್ನೊಂದು ಕೋಣೆ. ಅದನ್ನು ದಾಟಿದರೆ ಅಡುಗೆಮನೆ, ಬಚ್ಚಲು. ಆ ನಡುವಿನ ಕೋಣೆಗೆ ಎದುರುಬದುರಾಗಿ ಎರಡು ಬಾಗಿಲುವಾಡಗಳಿದ್ದವು. ಎರಡಕ್ಕೂ ಬಾಗಿಲಿರಲಿಲ್ಲ, ಪರದೆಯಿತ್ತು. ನಾವು ಅದನ್ನು ದಾರಿ ಕೋಣೆ ಎನ್ನುತ್ತಿದ್ದೆವು. ಅಪ್ಪನ ತಂಗಿ ಸರಸತ್ತೆ ಇದ್ದದ್ದು ಅಲ್ಲಿ. ಅವರು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ವಿಜಯನಗರದಿಂದ, ಆರ್‌ಪಿಸಿ ಲೇಔಟಿನಿಂದ ಹೆಂಗಸರು ಮದುವೆ ಸೀರೆಗಳನ್ನು ತಂದು ಕೊಡುತ್ತಿದ್ದರು. ಕಿಟಕಿಯ ಬೆಳಕಿಗೆ ಸೆರಗು ಹರವಿಕೊಂಡು ಅತ್ತೆ ಕೂತಿದ್ದರೆ ಹೊಸ ರೇಷ್ಮೆಯ ವಾಸನೆ ಕೋಣೆ ತುಂಬಿರುತ್ತಿತ್ತು. ಅವರ ಮುಂದೆಯೇ ಟವೆಲ್ ಹೆಗಲಿಗೆ ಹಾಕಿಕೊಂಡು ಅಪ್ಪ, ಕಾಫಿ ಲೋಟ ಹಿಡಿದು ಅಮ್ಮ, ಸಿಲಿಂಡರ್ ಉರುಳಿಸಿಕೊಂಡು ಗ್ಯಾಸಿನವನು, ಎಲ್ಲರೂ ಓಡಾಡುತ್ತಿದ್ದರು. ಪರದೆ ಸರಿಸುವ ಮುಂಚೆ "ಬರ್ಲಾ?" ಎನ್ನಬೇಕೆಂಬುದು ನಮ್ಮ ಮನೆಯ ಪದ್ಧತಿ. ಎಲ್ಲರೂ ತಪ್ಪದೆ ಅನ್ನುತ್ತಿದ್ದೆವು. ಆದರೆ ಮಾತು ಮುಗಿಯುವಷ್ಟರಲ್ಲಿ ಕೋಣೆಯ ನಡುವೆ ಬಂದಾಗಿರುತ್ತಿತ್ತು. ಸೀರೆ ಉಡುತ್ತಿದ್ದರೆ ಅತ್ತೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಅವರ ಉತ್ತರಕ್ಕೆ ಯಾರಾದರೂ ನಿಂತದ್ದು ನನಗೆ ನೆನಪಿಲ್ಲ. ನಾನಂತೂ ನಿಂತವಳಲ್ಲ.

ಅತ್ತೆ ಆ ಮನೆಯಲ್ಲಿ ಕೇಳಿದ್ದು ಒಂದೇ ಒಂದು, ಬಾಗಿಲು. ನನಗೆ ತಿಳಿದಂತೆ ಎರಡು ಸಲ ಕೇಳಿದರು. ಎರಡು ಸಲವೂ ಅಪ್ಪ ಕೋಪವಿಲ್ಲದೆ, "ಬಾಗ್ಲು ಹಾಕ್ಬಿಟ್ರೆ ನಾವೆಲ್ಲ ಬಚ್ಚಲಿಗೆ ಹೋಗೋದು ಹೆಂಗೆ ಸರಸೂ?" ಎಂದರು. ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಎರಡು ಸಲವೂ ಅತ್ತೆ ಸೆರಗು ಎತ್ತಿಕೊಂಡು ಕುಚ್ಚು ಮುಂದುವರಿಸಿದರು.

ನನಗೆ ಎಂಟು ವರ್ಷವಾಗಿದ್ದಾಗ ತುಮಕೂರಿನ ಕಡೆಯಿಂದ ಗಂಡಿನವರು ಅತ್ತೆಯನ್ನು ನೋಡಲು ಬಂದರು. ಕೇಸರಿಬಾತು ತಿಂದು ಗಂಡಿನ ತಾಯಿ ಕೈ ತೊಳೆಯಲು ಎದ್ದರು; ಬಚ್ಚಲು ತೋರಿಸಲು ನಾನು ಮುಂದೆ ಹೋದೆ. ನಡುವಿನ ಕೋಣೆಯಲ್ಲಿ ಅವರು ನಿಂತು, "ಹುಡುಗಿ ರೂಮ್ ಯಾವ್ದು ಪುಟ್ಟಿ?" ಎಂದು ಕೇಳಿದರು. "ಅತ್ತೆಗೆ ರೂಮಿಲ್ಲ. ಇದು ರೂಮಲ್ಲ, ದಾರಿ" ಎಂದೆ. ಅವರು ನಕ್ಕರು. "ಹಾಗಾದ್ರೆ ಹಬ್ಬಕ್ಕೆ ಮಗಳು ಅಳಿಯ ಬಂದ್ರೆ ಎಲ್ಲಿ ಮಲಗ್ತಾರೆ?" ಎಂದರು. ನಾನು ಸ್ವಲ್ಪ ಯೋಚಿಸಿ, "ನಮ್ಮಪ್ಪ ರೂಮ್ ಬಿಟ್ಟು ಹಾಲಲ್ಲಿ ಮಲಗ್ತಾರೆ" ಎಂದೆ. ಸಹಾಯ ಮಾಡಿದೆ ಎಂದೇ ನನಗೆ ಅನಿಸಿತ್ತು. "ತಿಳಿಸ್ತೀವಿ" ಎಂದು ಹೋದವರು ತಿಳಿಸಲಿಲ್ಲ. ಜಾತಕ ಕೂಡಲಿಲ್ಲವಂತೆ ಎಂದು ಮಧ್ಯದವರು ಆಮೇಲೆ ಹೇಳಿದರು. ಅದೇ ನಿಜವಿರಬಹುದು. ನನಗೆ ಖಚಿತವಾಗಿ ಗೊತ್ತಿರುವುದು ನಾನಾಡಿದ ಮಾತು ಮಾತ್ರ. ಅದಾದ ಮೇಲೆ ಇನ್ನಿಬ್ಬರು ಬಂದು ನೋಡಿ ಹೋದರು. ಆಮೇಲೆ ಯಾರೂ ಬರಲಿಲ್ಲ.

ಅಮ್ಮ ಹೋದರು, ಕೆಲವು ವರ್ಷಕ್ಕೆ ಅಪ್ಪನೂ ಹೋದರು. ಮೂರು ವರ್ಷದ ಹಿಂದೆ ಮಂಜು ಮತ್ತು ನಾನು ಮನೆ ಮಾರುವುದೆಂದು ತೀರ್ಮಾನಿಸಿದೆವು. ಅತ್ತೆ ಆರ್‌ಪಿಸಿ ಲೇಔಟಿನ ನಮ್ಮ ಮನೆಗೆ ಬರುವುದು, ನನ್ನ ಮಗಳ ಕೋಣೆಯಲ್ಲಿ ಇರುವುದು ಎಂದಾಯಿತು. ಬ್ರೋಕರ್ ಶಿವಣ್ಣ ಬಂದವರು ಗೇಟಿನ ಹೊರಗೇ ನಿಂತುಬಿಟ್ಟರು. "ಕೋಪ ಮಾಡ್ಕೋಬೇಡಿ ಮೇಡಂ. ಈ ಬಣ್ಣ ನೋಡಿದ್ರೆ ಪಾರ್ಟಿ ಗಾಡಿಯಿಂದಾನೇ ಇಳಿಯಲ್ಲ."

ಮಂಜು ಬಿಡಲಿಲ್ಲ. "ಬದನೆಕಾಯಿ ಮನೆ ಅಂದ್ರೆ ಇಲ್ಲಿ ಆಟೋದವರಿಗೆಲ್ಲ ಗೊತ್ತು ಶಿವಣ್ಣ."

"ಆಟೋದವ್ರು ತಗೋತಾರಾ ಸಾರ್? ಕ್ರೀಮು ಹೊಡ್ಸಿ. ಕ್ರೀಮಿಗೆ ಇದುವರೆಗೂ ಯಾರೂ ತಕರಾರು ಮಾಡಿಲ್ಲ."

ಒಳಗೆ ಬಂದು ಬೆಡ್‌ರೂಮ್ ಎಣಿಸಿದರು. ಒಂದು ಎಂದರು. ನಡುವಿನ ಕೋಣೆಯಲ್ಲಿ ಅತ್ತೆ ಮೊಣಕಾಲ ಮೇಲೆ ಹಸಿರು ಸೆರಗು ಹಾಕಿಕೊಂಡು ಕೂತಿದ್ದರು. ಶಿವಣ್ಣ ಆ ಬಾಗಿಲುವಾಡ ಈ ಬಾಗಿಲುವಾಡ ನೋಡಿ, "ಇದನ್ನ ಲೆಕ್ಕಕ್ಕೆ ತಗೊಳ್ಳಕ್ಕಾಗಲ್ಲ ಮೇಡಂ. ಇದು ರೂಮಲ್ಲ, ದಾರಿ" ಎಂದರು. ನಲವತ್ತು ವರ್ಷ ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಪರಿಚಯವಿಲ್ಲದ ಒಬ್ಬರು ಅಕ್ಷರ ಬದಲಿಸದೆ ಹೇಳಿಬಿಟ್ಟಿದ್ದರು. ಅತ್ತೆ ತಲೆಯೆತ್ತಲಿಲ್ಲ. ಶಿವಣ್ಣ ಕೈಯಲ್ಲೇ ಗಾಳಿಯಲ್ಲಿ ಗೆರೆ ಎಳೆದರು. "ಈ ಕಡೆ ಮೂರಡಿ ಓಡಾಡಕ್ಕೆ ಬಿಡಿ. ಇಲ್ಲೊಂದು ಗೋಡೆ ಎತ್ಸಿ, ಬಾಗ್ಲು ಇಡ್ಸಿ. ಟೂ ಬೆಡ್‌ರೂಮ್ ಆಯ್ತು. ರೇಟೇ ಬೇರೆ ಆಗುತ್ತೆ."

ಮೂರಡಿ. ಅಷ್ಟೇ ಸಾಕಾಗಿತ್ತು. ಅಪ್ಪನಿಗೆ ಅದು ಹೊಳೆದಿರಲಿಲ್ಲ, ನಮಗೂ ಹೊಳೆದಿರಲಿಲ್ಲ. ಕೊಳ್ಳುವವರ ಕಣ್ಣಿಗಾಗಿ ನಾಲ್ಕು ದಿನದಲ್ಲಿ ಗೋಡೆ ಎದ್ದಿತು. ಬಡಗಿ ಬಾಗಿಲು ಕೂರಿಸುತ್ತಾ, "ಚಿಲಕ ಒಳಗಡೆನಾ, ಹೊರಗಡೆನಾ?" ಎಂದು ಕೇಳಿದ. "ಎಲ್ಲಾದ್ರೂ ಹಾಕಪ್ಪ, ತೋರ್ಸಕ್ಕೆ ತಾನೇ" ಎಂದ ಮಂಜು. ಅತ್ತೆ ಮಂಚದಿಂದಲೇ "ಒಳಗಡೆ" ಎಂದರು. ಹೊರಗೆ ಕ್ರೀಮು ಮೂರು ಕೋಟು ಹೊಡೆಯಬೇಕಾಯಿತು. ಮೊದಲೆರಡರಲ್ಲಿ ನೇರಳೆ ಮತ್ತೆ ಮತ್ತೆ ಮೇಲೆ ಬಂತು. ಆ ಕೆಲಸ ನಡೆಯುತ್ತಿದ್ದ ಒಂದು ದಿನ ನಾನು ಅತ್ತೆಯ ಹತ್ತಿರ ಕೂತು, "ಅತ್ತೆ, ಆ ತುಮಕೂರಿನವರು ಬಂದಿದ್ದಾಗ ನಾನು…" ಎಂದು ಶುರುಮಾಡಿದೆ.

"ಕೇಳಿಸ್ತು ಕಣೇ. ಅಡುಗೆಮನೇಲೇ ಇದ್ನಲ್ಲ" ಎಂದರು.

"ಒಂದು ದಿನವೂ ಏನೂ ಅನ್ಲಿಲ್ಲ ನೀವು."

"ಏನನ್ಲಿ? ಸುಳ್ಳು ಹೇಳಿದ್ಯಾ ನೀನು?" ದಾರವನ್ನು ಹಲ್ಲಿನಲ್ಲಿ ಕಡಿದು ಮುಂದಿನ ಎಳೆ ಎತ್ತಿಕೊಂಡರು.

ಮುಂದಾದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಮನೆ ಮಾರಾಟವಾಯಿತು. ಕೊಂಡವರಿಗೆ ಬೇಕಾಗಿದ್ದದ್ದು ಸೈಟು. ಎರಡು ತಿಂಗಳಲ್ಲಿ ಕ್ರೀಮು, ನೇರಳೆ, ಹೊಸ ಗೋಡೆ, ಹಳೆ ಗೋಡೆ ಎಲ್ಲವನ್ನೂ ಕೆಡವಿದರು. ಈಗ ಅಲ್ಲಿ ಬೂದು ಬಣ್ಣದ ನಾಲ್ಕು ಮಹಡಿಯಿದೆ. ಅತ್ತೆ ನಮ್ಮಲ್ಲಿ ಎರಡು ವರ್ಷ ಇದ್ದರು. ಮಗಳ ಓದು, ಫೋನು, ಗೆಳತಿಯರ ನಡುವೆ ಗೋಡೆಯ ಪಕ್ಕದ ಮಂಚದಲ್ಲಿ ಮಲಗುತ್ತಿದ್ದರು. ಹೋದ ವರ್ಷ ತೀರಿಕೊಂಡರು. ಎಪ್ಪತ್ತಕ್ಕೆ ಹತ್ತಿರವಾಗಿದ್ದ ಆ ಆಯುಸ್ಸಿನಲ್ಲಿ ಅವರಿಗೆಂದೇ ಒಂದು ಕೋಣೆ ಇದ್ದದ್ದು ಬಾಗಿಲು ಕೂರಿಸಿದ ದಿನದಿಂದ ಮನೆ ಬಿಟ್ಟ ದಿನದವರೆಗೆ. ಹತ್ತೊಂಬತ್ತು ದಿನ. ನಾನು ಎಣಿಸಿದ್ದೇನೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಶಿವಣ್ಣ ಕೊಳ್ಳುವವರನ್ನು ಕರೆತಂದರು. ಗಂಡ, ಹೆಂಡತಿ, ಗಂಡನ ತಂದೆ. ಹೆಂಡತಿ ಹೊರಗಡೆಯೇ "ಕಲರ್ ಚೆನ್ನಾಗಿದೆ" ಎಂದರು. ಹಾಲ್ ನೋಡಿದರು, ಮುಂದಿನ ಕೋಣೆ ನೋಡಿದರು. "ಇದು ಸೆಕೆಂಡ್ ಬೆಡ್‌ರೂಮ್" ಎಂದು ಶಿವಣ್ಣ ಹಿಡಿ ತಿರುಗಿಸಿದರು. ಬಾಗಿಲು ತೆರೆಯಲಿಲ್ಲ, ಒಳಗೆ ಚಿಲಕ ಹಾಕಿತ್ತು. ತಟ್ಟಿದರು.

"ಆಂಟಿ, ಪಾರ್ಟಿ ಬಂದಿದಾರೆ."

"ಸ್ವಲ್ಪ ನಿಲ್ಲಿ" ಎಂದರು ಅತ್ತೆ ಒಳಗಿನಿಂದ.

ಕೊಳ್ಳುವವರು ಗಡಿಯಾರ ನೋಡಿಕೊಂಡರು. ಶಿವಣ್ಣ ನನ್ನನ್ನು ನೋಡಿದರು. ಮಂಜು ನನ್ನ ಕಿವಿಯ ಹತ್ತಿರ ಬಂದು, "ನೀನೊಂದ್ಸಲ ಕರೆಯಕ್ಕಾ, ಹೊರಟೋಗ್ತಾರೆ ಅವ್ರು" ಎಂದ.

"ನಿಲ್ಲೋಣ" ಎಂದೆ.

ಮೂರಡಿಯ ಜಾಗ. ಆರು ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತೆವು. ಹಸಿ ಗೋಡೆಗೆ ತಾಗದಂತೆ ಭುಜ ಒಳಕ್ಕೆಳೆದುಕೊಂಡು. ಒಳಗೆ ಮಂಚ ಒಮ್ಮೆ ಕಿರ್ರೆಂದಿತು. ಹಿರಿಯರು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು. ಅತ್ತೆಗೆ ಅವಸರವಿರಲಿಲ್ಲ. ನಾವು ಕಾದೆವು.