ಯಿನ್‌ಫಾಂಗ್ ಅಜ್ಜಿಯ ನಾಲಿಗೆ

ಯಿನ್‌ಫಾಂಗ್ ಅಜ್ಜಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎನ್ನುವವರು ಅವಳನ್ನು ಸರಿಯಾಗಿ ಕಂಡವರಲ್ಲ. ಸಿಟ್ಟು ಇದ್ದದ್ದು ಅವಳ ನಾಲಿಗೆಯ ಮೇಲೆ. ಮೂಗಿನವರೆಗೆ ಹತ್ತಿ ಹೋಗಲು ಅದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಬೆಳಗಾಗೆದ್ದು ಅಂಗಳಕ್ಕೆ ಬಂದಳೆಂದರೆ ಸೌದೆ ಹಸಿಯಾಗಿದೆ ಎಂದು ಒಬ್ಬಳಿಗೆ, ಬೇರನ್ನು ದಪ್ಪ ಕತ್ತರಿಸಿದ್ದೀಯೆ ಎಂದು ಇನ್ನೊಬ್ಬಳಿಗೆ, ಬಿಸಿಲು ಕೊಡಲಿಲ್ಲವೆಂದು ಮೋಡಕ್ಕೂ ಬೈಗುಳ. ಅರವತ್ತೆಂಟು ವರ್ಷದ ಸಣಕಲು ಮುದುಕಿ. ಆದರೂ ಅವಳಿಗೆ ಎದುರಾಡಿದವರಿಲ್ಲ. ಬೈದದ್ದರಲ್ಲಿ ಹತ್ತಕ್ಕೆ ಒಂಬತ್ತು ನ್ಯಾಯವಾಗಿಯೇ ಇರುತ್ತಿತ್ತು.

ದೆಚಿಂಗ್ ಸೀಮೆಯ, ಪಶ್ಚಿಮ ನದಿಯ ದಂಡೆಯ ಆ ಊರಿನಲ್ಲಿ ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ನಡೆಯುವುದಿಲ್ಲ. ಅಲ್ಲಿ ಮದ್ದೆಂದರೆ ಹಿತ್ತಲ ಬಳ್ಳಿಯ ಬೇರು. ಅದರ ಹೆಸರು ಹೊಶೌವು. ಅರವತ್ತು ದಾಟಿದವರು ದಿನಕ್ಕೊಂದು ಚಮಚ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಕುಡಿದರೆ ಮಂಡಿಗೆ ಬಲ, ಕಣ್ಣಿಗೆ ನಿದ್ದೆ, ನರೆತ ಕೂದಲು ಬುಡದಿಂದ ಕಪ್ಪು ಎಂಬುದು ಮುತ್ತಜ್ಜಂದಿರ ಕಾಲದ ನಂಬಿಕೆ. ಅದೇ ಬೇರು ಬೇಯದೆ ಉಳಿದರೆ ಹೊಟ್ಟೆ ಕಿತ್ತುಹಾಕುತ್ತದೆ, ಲಿವರನ್ನು ಹಾಳುಮಾಡುತ್ತದೆ. ಮದ್ದಿಗೂ ವಿಷಕ್ಕೂ ನಡುವೆ ಇರುವುದು ಒಂಬತ್ತು ಹಬೆ, ಒಂಬತ್ತು ಬಿಸಿಲು.

ಬೇರಿನ ಚೂರುಗಳನ್ನು ಕಪ್ಪು ಸೋಯಾಕಾಳಿನ ಕಷಾಯದಲ್ಲಿ ನೆನೆಹಾಕಿ, ಮರದ ದೊಡ್ಡ ಹಬೆಪಾತ್ರೆಯಲ್ಲಿ ಒಂದು ಹಗಲು ಬೇಯಿಸಿ, ಮಾರನೆಯ ದಿನ ಬಿದಿರ ತಟ್ಟೆಗಳಲ್ಲಿ ಒಣಗಿಸಬೇಕು. ಮತ್ತೆ ಕಷಾಯ, ಮತ್ತೆ ಹಬೆ, ಮತ್ತೆ ಬಿಸಿಲು. ಹೀಗೆ ಒಂಬತ್ತು ಸುತ್ತು. ಇಲ್ಲಿ ಕಣ್ಣನ್ನು ನಂಬುವಂತಿಲ್ಲ. ಕಷಾಯ ಗಟ್ಟಿಯಾಗಿದ್ದರೆ ಮೂರನೆಯ ಸುತ್ತಿಗೇ ಚೂರು ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ನಿಜ ಗೊತ್ತಾಗುವುದು ನಾಲಿಗೆಗೆ. ಅರೆಬೆಂದದ್ದು ಒಗರು, ನಾಲಿಗೆ ಜುಮ್ಮೆನ್ನುತ್ತದೆ. ಪೂರ್ತಿ ಬೆಂದದ್ದು ತೆಳುವಾಗಿ ಸಿಹಿ. ಅದಕ್ಕೇ ಮನೆಯ ಹಿರಿಯ ಹೆಂಗಸು ಬೆಳಗಿನ ಟೀ ಕೂಡ ಮುಟ್ಟದೆ ಬಂದು, ಒಂದು ಚೂರು ಅಗಿದು, ಎಲ್ಲರೆದುರು ‘ಸಿಹಿ’ ಎನ್ನಬೇಕು. ಆಮೇಲೆ ಚೀಲಕ್ಕೆ ಕೆಂಪು ಕಾಗದ ಅಂಟಿಸುತ್ತಾರೆ. ಕೆಂಪು ಕಾಗದ ಬಿದ್ದ ಚೀಲದ ರುಚಿಯನ್ನು ಇನ್ನೊಬ್ಬರು ನೋಡುವುದಿಲ್ಲ. ನೋಡಿದರೆ ಆ ಹಿರಿಯಳ ಮುಖಕ್ಕೆ ಉಗಿದ ಹಾಗೆ.

ಯಿನ್‌ಫಾಂಗ್ ಇಪ್ಪತ್ತೊಂದರಲ್ಲಿ ಸೊಸೆಯಾಗಿ ಬಂದ ಮೂರನೆಯ ದಿನವೇ ಅತ್ತೆ ಅವಳ ಬಾಯಿಗೆ ಬೇಯದ ಬೇರಿನ ಚೂರೊಂದನ್ನು ತುರುಕಿದ್ದಳು. "ಅಗಿ. ಉಗೀಬೇಡ. ಈ ರುಚಿ ನೆನಪಿಟ್ಕೊ, ಸಾಯೋ ತನಕ ಇದನ್ನ ಮನೆ ಬಾಗ್ಲು ದಾಟಿಸ್ಬೇಡ." ಸೊಸೆಯ ನಾಲಿಗೆ ಸಂಜೆವರೆಗೆ ಮರಗಟ್ಟಿತ್ತು, ಹೊಟ್ಟೆ ಎರಡು ದಿನ ನಿಲ್ಲಲಿಲ್ಲ. ಅತ್ತೆ ಹೋದಮೇಲೆ ಇಪ್ಪತ್ತಾರು ವರ್ಷ ಕೆಂಪು ಕಾಗದ ಬಿದ್ದದ್ದೆಲ್ಲ ಯಿನ್‌ಫಾಂಗಳ ನಾಲಿಗೆಯ ನಂಬಿಕೆಯ ಮೇಲೆ. ಏಳು ಸುತ್ತಿಗೆ ಇಳಿಸಿದ್ದನ್ನು ಬಾಯಿಗಿಟ್ಟ ಕೂಡಲೇ ಹೇಳಿಬಿಡುತ್ತಿದ್ದಳು. ಹೇಳಿ ಸುಮ್ಮನಾಗುತ್ತಿದ್ದಳೇ? ಬೇಯಿಸಿದವರ ಏಳು ತಲೆಮಾರನ್ನು ಎಳೆದು ತರುತ್ತಿದ್ದಳು. ಗಂಡ ತೀರಿದ ಮೇಲೆ ಬೇರು ಬೇಯಿಸಿ ಮಾರುವ ಅಂಗಳದ ವಹಿವಾಟು ಮೈದುನನ ಮಗ ವಾಯ್‌ಹಾಂಗನ ಕೈಗೆ ಹೋಯಿತು, ಆದರೆ ರುಚಿ ನೋಡುವ ಹಕ್ಕು ದೊಡ್ಡಮ್ಮನದೇ ಉಳಿಯಿತು.

ಆ ವರ್ಷ ಚಳಿಗಾಲದ ಹಬ್ಬಕ್ಕೆ ಮೂರು ದಿನವಿರುವಾಗ ಚಾವ್‌ಚಿಂಗ್ ಪಟ್ಟಣದಿಂದ ಫೋನು ಬಂತು. ಮಾತಾಡಿದ್ದು ಅವಳ ಅಕ್ಕ ಸಾವ್‌ಹಾಳ ಮಗಳು ಕಿತ್‌ಯಿಂಗ್.

"ಚಿಕ್ಕಮ್ಮ, ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೀವಿ. ಕಣ್ಣು, ಮೈ ಎಲ್ಲ ಅರಿಶಿನ ಆಗ್ಬಿಟ್ಟಿದೆ. ಲಿವರ್ ಅಂತೆ. ಏನ್ ತಿಂತಿದ್ರಿ ಅಂತ ಡಾಕ್ಟ್ರು ಕೇಳ್ತಿದಾರೆ."

"ಏನ್ ತಿಂತಾಳೆ? ನೀವು ಹಾಕಿದ್ದು ತಿಂತಾಳೆ. ಆ ಹಾಳು ಹೋಟ್ಲಿನ ಹಂದಿಮಾಂಸ ತಂದು ಹಾಕಿರ್ತೀರ."

"ಹೊರಗಿಂದು ಏನೂ ಇಲ್ಲ ಚಿಕ್ಕಮ್ಮ. ನೀವು ಕಳಿಸಿದ ಪುಡಿ ಒಂದೇ."

ಯಿನ್‌ಫಾಂಗ್ ಫೋನಿಟ್ಟವಳೇ ಎಲ್ಲರ ಮೇಲೂ ಹರಿಹಾಯ್ದಳು. ತಾಯಿಯನ್ನು ನೋಡಿಕೊಳ್ಳಲು ಬಾರದ ಮಗಳಿಗೆ ಬೈದಳು, ನಾಡಿ ಹಿಡಿಯಲು ಬಾರದ ಪಟ್ಟಣದ ಡಾಕ್ಟರಿಗೆ ಬೈದಳು, ಬಸ್ಸು ತಡವಾದದ್ದಕ್ಕೆ ಕಂಡಕ್ಟರಿಗೆ ಬೈದಳು. ಬಸ್ಸು ನದಿಯ ಪಕ್ಕದ ದಾರಿ ಹಿಡಿದ ಮೇಲೆ ಬೈಯಲು ಯಾರೂ ಉಳಿಯಲಿಲ್ಲ. ಆಗ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದ ಒಂದು ಸಂಗತಿಯ ಎದುರು ಅವಳು ಒಬ್ಬಳೇ ಕೂರಬೇಕಾಯಿತು.

ಅವಳ ನಾಲಿಗೆ ಸತ್ತು ಎರಡು ವರ್ಷವಾಗಿತ್ತು. ಒಂದು ಚಳಿಗಾಲದಲ್ಲಿ ಹತ್ತು ದಿನ ಜ್ವರ ಬಂತು. ಜ್ವರ ಬಿಟ್ಟಮೇಲೆ ಅನ್ನದ ಗಂಜಿಗೂ ಒಣಮೀನಿಗೂ ವ್ಯತ್ಯಾಸ ತಿಳಿಯಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದಳು. ಹಾಗಲಕಾಯಿಯನ್ನು ಹಸಿಯಾಗಿಯೇ ಕಚ್ಚಿ ನೋಡಿದಳು, ಉಪ್ಪನ್ನು ಬೆರಳಲ್ಲಿ ಎತ್ತಿ ನೆಕ್ಕಿದಳು, ಮರಳು ನೆಕ್ಕಿದಂತಿತ್ತು. ಹೇಳಬಹುದಿತ್ತು. ಹೇಳಿದರೆ ಆ ಜಾಗಕ್ಕೆ ಇನ್ನೊಬ್ಬಳು ಬಂದು ನಿಲ್ಲುತ್ತಾಳೆ, ತಾನು ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯಬೇಕು. ಆ ಸಂಕಟಕ್ಕೆ ತುಟಿ ಪಿಟಕ್ಕೆನ್ನಲಿಲ್ಲ. ಬಣ್ಣ ನೋಡಿ, ಮುರಿದಾಗಿನ ಸದ್ದು ಕೇಳಿ, ವಾಯ್‌ಹಾಂಗ್ ಹೇಳಿದ ಸುತ್ತುಗಳ ಲೆಕ್ಕವನ್ನು ನಂಬಿ, ‘ಸಿಹಿ’ ಎನ್ನುತ್ತಲೇ ಇದ್ದಳು.

ಅಕ್ಕನ ಎಪ್ಪತ್ತಾರನೆಯ ಹುಟ್ಟುಹಬ್ಬಕ್ಕೆ ಹಾಗೆಯೇ ಒಂದು ಚೀಲದಿಂದ ಪುಡಿ ಮಾಡಿಸಿ, ಕೈಯಾರೆ ಕಟ್ಟಿ ಕಳಿಸಿದ್ದಳು. ಆ ಅಕ್ಕ ಎಂಥ ಅಕ್ಕ? ತಾಯಿ ಸತ್ತಾಗ ಯಿನ್‌ಫಾಂಗಳಿಗೆ ಎರಡು ವರ್ಷ, ಸಾವ್‌ಹಾಳಿಗೆ ಹತ್ತು. ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡೇ ಗದ್ದೆಯಲ್ಲಿ ನಾಟಿ ಮಾಡಿದವಳು, ತಂಗಿಯ ಮದುವೆಯಾಗುವವರೆಗೆ ತನ್ನ ಮದುವೆಗೆ ಒಪ್ಪದೆ ಇಪ್ಪತ್ತೊಂಬತ್ತರವರೆಗೆ ಊರವರ ಬಾಯಿಗೆ ಬಿದ್ದವಳು.

ಆಸ್ಪತ್ರೆಯ ಹಾಸಿಗೆಯಲ್ಲಿ ಆ ಅಕ್ಕ ಹಳದಿಯಾಗಿ ಮಲಗಿದ್ದಳು. ಡಾಕ್ಟರು ಮೂವತ್ತು ದಾಟದ ಹುಡುಗಿ. "ಇನ್ನೂ ಎರಡು ವಾರ ಏನೂ ಹೇಳಕ್ಕಾಗಲ್ಲ ಅಜ್ಜಿ. ಲಿವರಿಗೆ ಜೋರಾಗಿ ಪೆಟ್ಟು ಬಿದ್ದಿದೆ. ಪುಡಿ ಇಲ್ಲೇ ಪರೀಕ್ಷೆ ಮಾಡಿಸಿದ್ವಿ, ಸರಿಯಾಗಿ ಬೆಂದಿಲ್ಲ. ಬೆಂದಿದ್ದೂ ಕೆಲವರಿಗೆ ಆಗಿಬರಲ್ಲ. ವಯಸ್ಸಾದೋರು ನಮ್ಮನ್ನ ಒಂದ್ಮಾತು ಕೇಳಿ ತಗೋಬೇಕು."

ಬೇರೆ ದಿನವಾಗಿದ್ದರೆ ಆ ಹುಡುಗಿಯ ಬಿಳಿ ಕೋಟು ಬಿಚ್ಚಿಸುವ ಹಾಗೆ ಬೈದಿರುತ್ತಿದ್ದಳು. ಅವತ್ತು ತಲೆಯಾಡಿಸಿದಳು.

ಸಾವ್‌ಹಾ ಕಣ್ಣು ಬಿಟ್ಟಳು. "ಬಂದ್ಯಾ? ಊಟ ಆಯ್ತಾ?"

"ನಿನ್ ಊಟದ ಮನೆ ಹಾಳಾಗ. ಆ ಪುಡಿ ಒಗರಾಗಿರ್ಲಿಲ್ವಾ? ನಾಲಿಗೆ ಜುಮ್ ಅನ್ಲಿಲ್ವಾ?"

"ಅಂತಿತ್ತು. ಮೊದಲನೇ ದಿನಾನೇ ಅಂತಿತ್ತು."

"ಮತ್ಯಾಕೆ ಕುಡಿದೆ? ಬುದ್ಧಿ ಎಲ್ಲಿ ಅಡ ಇಟ್ಟಿದ್ದೆ?"

ಸಾವ್‌ಹಾ ನಿಧಾನಕ್ಕೆ ಹೇಳಿದಳು. "ಕೆಂಪು ಕಾಗದ ಇತ್ತಲ್ಲೇ. ನೀನು ರುಚಿ ನೋಡಿದ್ದು ತಪ್ಪಾಗುತ್ತಾ? ವಯಸ್ಸಾಯ್ತು, ನನ್ ನಾಲಿಗೆನೇ ಕೆಟ್ಟಿರ್ಬೇಕು ಅಂದ್ಕೊಂಡೆ."

ಯಿನ್‌ಫಾಂಗ್ ಅಕ್ಕನ ಪಾದಗಳನ್ನು ಹೊದಿಕೆಯೊಳಗೆ ಸೇರಿಸಿ, ಕಿತ್‌ಯಿಂಗಳಿಗೆ ನಡೆದದ್ದನ್ನೆಲ್ಲ ಬಿಚ್ಚಿ ಹೇಳಿದಳು. ಕಿತ್‌ಯಿಂಗ್ ಗೋಡೆಯ ಕಡೆ ತಿರುಗಿ ನಿಂತವಳು ಮತ್ತೆ ಚಿಕ್ಕಮ್ಮನ ಮುಖ ನೋಡಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ; ಯಿನ್‌ಫಾಂಗ್ ಕ್ಷಮಿಸು ಎಂದು ಕೇಳಲೂ ಇಲ್ಲ. ಮಾರನೆಯ ದಿನ ಮೊದಲ ಬಸ್ಸಿಗೆ ಊರಿಗೆ ಹೊರಟಳು.

ಅಂಗಳದಲ್ಲಿ ಅವತ್ತು ಹೊಸ ಸರಕು ಇಳಿದಿತ್ತು. ಹನ್ನೊಂದು ಚೀಲ ಬಾಯಿ ತೆರೆದು ಸಾಲಾಗಿ ನಿಂತಿದ್ದವು, ಬೇರು ಕತ್ತರಿಸುವ ಆರು ಹೆಂಗಸರು ಮಣೆಗಳ ಮುಂದೆ ಕೂತಿದ್ದರು. ವಾಯ್‌ಹಾಂಗ್ ಕೆಂಪು ಕಾಗದ, ಅಂಟು ಎರಡನ್ನೂ ಸಿದ್ಧಮಾಡಿಕೊಂಡು ನಗುತ್ತ ಬಂದ.

"ಬಂದ್ರಾ ದೊಡ್ಡಮ್ಮ. ಸಾವ್‌ಹಾ ಅತ್ತೆ ಹೇಗಿದಾರೆ? ಟೀ ಕುಡಿದಿಲ್ಲ ತಾನೆ? ಒಂದು ಚೂರು ಬಾಯಿಗೆ ಹಾಕ್ಕೊಂಡ್ರೆ ಲಾರಿಗೆ ಏರಿಸ್ಬಿಡ್ತೀನಿ."

ಅವಳು ಚೂರನ್ನು ಬಾಯಿಗೆ ಹಾಕಿಕೊಂಡು ಅಗಿದಳು. ಎಲ್ಲರೂ ಕಾಯುತ್ತಿದ್ದರು. ಅವಳು ಅದನ್ನು ಅವನ ಕಾಲ ಬುಡಕ್ಕೆ ಉಗಿದಳು.

"ನನ್ ನಾಲಿಗೆ ಸತ್ತು ಎರಡು ವರ್ಷ ಆಯ್ತು. ಎರಡು ವರ್ಷದಿಂದ ನಾನು ಹೇಳಿದ ‘ಸಿಹಿ’ ಎಲ್ಲಾ ಸುಳ್ಳು. ಕೇಳಿಸ್ತಾ ಎಲ್ರಿಗೂ?"

ಯಾರಾದರೂ ಗಾಬರಿಯಾಗುತ್ತಾರೆ, ಅಯ್ಯೋ ಎನ್ನುತ್ತಾರೆ ಎಂದುಕೊಂಡಿದ್ದಳು. ಹೆಂಗಸರು ತಲೆ ತಗ್ಗಿಸಿ ಮಣೆಗಳನ್ನೇ ನೋಡುತ್ತಿದ್ದರು.

ವಾಯ್‌ಹಾಂಗ್ ದನಿ ತಗ್ಗಿಸಿದ. "ಗೊತ್ತು ದೊಡ್ಡಮ್ಮ. ಒಳಗೆ ಬನ್ನಿ, ಅಲ್ಲಿ ಮಾತಾಡೋಣ."

"ಗೊತ್ತಾ?"

"ಎಲ್ರಿಗೂ ಗೊತ್ತು. ಹೋದ ಹೊಸವರ್ಷದ ಊಟಕ್ಕೆ ಸಾರಿಗೆ ನೀವು ಮೂರು ಸಲ ಉಪ್ಪು ಹಾಕಿದ್ರಿ. ನಿಮ್ಮ ಮರ್ಯಾದೆ ಹೋಗ್ಬಾರ್ದು ಅಂತ ಎಲ್ರೂ ಸುಮ್ನೆ ಉಂಡ್ವಿ."

ಎಂಥ ಮರ್ಯಾದೆ ನೋಡಿ. ಊರಿಗೆ ಊರೇ ಅವಳ ಮುಖ ಉಳಿಸಲು ಉಪ್ಪಿನ ನೀರು ಕುಡಿದಿತ್ತು, ಅರೆಬೆಂದ ಬೇರಿಗೆ ಕೆಂಪು ಕಾಗದ ಬೀಳುವುದನ್ನೂ ಕಣ್ಣಾರೆ ನೋಡಿತ್ತು. ಗೊತ್ತಿಲ್ಲದೆ ಇದ್ದವಳು ಹೊರಗಿನ ಪಟ್ಟಣದಲ್ಲಿದ್ದ ಸಾವ್‌ಹಾ ಒಬ್ಬಳೇ. ಯಿನ್‌ಫಾಂಗಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಅರ್ಧ ಅವಳದೇ ಪಾಲು. ಅದನ್ನು ಅವಳು ಬೇರೆಯವರ ತಲೆಗೆ ಕಟ್ಟಲಿಲ್ಲ.

ಚೀಲದಿಂದ ಒಂದು ಹಿಡಿ ಚೂರು ತೆಗೆದುಕೊಂಡು ಮೊದಲ ಮಣೆಯ ಮುಂದೆ ಹೋಗಿ ನಿಂತಳು. ಅಲ್ಲಿದ್ದವಳು ಯೂಕ್‌ಲಾನ್, ಹದಿನೈದು ವರ್ಷದಿಂದ ಅಲ್ಲಿ ದುಡಿಯುತ್ತಿದ್ದವಳು.

"ಅಗಿ. ಹೇಳು."

ಯೂಕ್‌ಲಾನ್ ಅಗಿದಳು. ವಾಯ್‌ಹಾಂಗನ ಕಡೆ ಓರೆಗಣ್ಣಲ್ಲಿ ನೋಡಿ, "ಸಿಹಿ" ಎಂದಳು.

"ಅವನ್ ಮುಖದಲ್ಲಿ ರುಚಿ ಬರ್ದಿಲ್ಲ ಕಣೆ. ನಿನ್ ಬಾಯಲ್ಲಿರೋದು ಹೇಳು. ನನ್ನಕ್ಕ ಅಲ್ಲಿ ಆಸ್ಪತ್ರೆಲಿ ಅರಿಶಿನದ ಕೊಂಬಾಗಿ ಮಲಗಿದಾಳೆ. ನಿಮ್ಮಮ್ಮಂಗೂ ವಯಸ್ಸಾಗಿದೆ. ಹೇಳು."

ಮುದುಕಿ ಕದಲಲಿಲ್ಲ. ಯೂಕ್‌ಲಾನಳ ಕಣ್ಣಲ್ಲಿ ನೀರು ತುಂಬಿತು. "ಒಗರು, ಅತ್ತೆ. ನಾಲಿಗೆ ಜುಮ್ ಅಂತಿದೆ."

ಎರಡನೆಯವಳು ಒಗರು ಎಂದಳು. ಮೂರನೆಯವಳೂ ಅದನ್ನೇ ಹೇಳಿದಳು. ನಾಲ್ಕನೆಯವಳು ಬಾಯಿಗೆ ಹಾಕಿಕೊಳ್ಳುವ ಮೊದಲೇ, "ಮೂರು ಸುತ್ತಷ್ಟೇ ಅತ್ತೆ, ಬೆಂಕಿ ಹಾಕಿದ್ದು ನಾನೇ" ಎಂದು ಅತ್ತುಬಿಟ್ಟಳು. ಉಳಿದಿಬ್ಬರನ್ನು ಕೇಳುವ ಅಗತ್ಯ ಬೀಳಲಿಲ್ಲ, ಆದರೂ ಕೇಳಿದಳು.

"ದೊಡ್ಡಮ್ಮ, ಕೇಳಿ," ವಾಯ್‌ಹಾಂಗ್ ಹತ್ತಿರ ಬಂದ. "ಎಲ್ಲಾ ಅಂಗಳದಲ್ಲೂ ಇಷ್ಟೇ ಬೇಯಿಸೋದು. ಒಂಬತ್ತು ಸುತ್ತು ಯಾರಿಗೆ ಕಾಯಕ್ಕಾಗುತ್ತೆ? ಇದರಿಂದ ಯಾರೂ ಸಾಯಲ್ಲ."

"ಹೌದಾ? ಹಾಗಾದ್ರೆ ಬಾಯಿ ತೆಗಿ."

ಆರು ಜನ ಹೆಂಗಸರು ನೋಡುತ್ತಿದ್ದರು, ಲಾರಿಯ ಚಾಲಕನೂ ಇಳಿದು ಬಂದಿದ್ದ. ವಾಯ್‌ಹಾಂಗ್ ಒಂದು ಚೂರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ಅಗಿದ. ಅವನ ದವಡೆ ನಿಂತಿತು.

"ನುಂಗು," ಎಂದಳು ಯಿನ್‌ಫಾಂಗ್.

ಅವನು ದೊಡ್ಡಮ್ಮನನ್ನು ನೋಡಿದ, ಹೆಂಗಸರನ್ನು ನೋಡಿದ. ಕೊನೆಗೆ ಬಗ್ಗಿ, ಅಂಗೈಗೆ ಉಗಿದುಕೊಂಡ.

"ನನ್ನಕ್ಕ ನುಂಗಿದಾಳೆ ಕಣೋ," ಎಂದಳು ಅವಳು. "ನನ್ ಮಾತು ನಂಬಿ, ಎಂಬತ್ತು ದಿನ."